ಮುಂದೂಡಿದ ದುರಸ್ತಿ ಲಾಭವಲ್ಲ: ರಿಬಲ್‌ಹೆಡ್ ಕಲ್ಲುಸೇತುವೆ ಹೇಳುವ ಲೆಕ್ಕ

ಮಾರ್ಚ್ ತಿಂಗಳು ಸಮೀಪಿಸಿ ವರ್ಷದ ಲೆಕ್ಕಪತ್ರಗಳನ್ನು ಮುಗಿಸುವ ಕಾಲ ಬಂದಾಗ, ಸಣ್ಣ ಕಾರ್ಖಾನೆಗಳಲ್ಲಿಯೂ ವರ್ತಕ ಸಂಸ್ಥೆಗಳಲ್ಲಿಯೂ ಮೊಟ್ಟಮೊದಲು ಕತ್ತರಿಗೆ ಗುರಿಯಾಗುವ ಬಾಬ್ತೊಂದಿದೆ. ಅದೇ ‘ದುರಸ್ತಿ ಮತ್ತು ನಿರ್ವಹಣೆ’. ಕೂಲಿಯನ್ನು ತಡೆಹಿಡಿಯಲಾಗದು, ವಿದ್ಯುತ್ ಬಿಲ್ಲನ್ನು ನಿಲ್ಲಿಸಲಾಗದು, ಬ್ಯಾಂಕಿನ ಬಡ್ಡಿ ಕಾಯುವುದಿಲ್ಲ. ಆದರೆ ಗೋದಾಮಿನ ಸೋರುವ ಚಾವಣಿ ಇನ್ನೊಂದು ಮಳೆಗಾಲ ಕಾಯಬಲ್ಲದು, ಸದ್ದು ಮಾಡುವ ಬೇರಿಂಗ್ ಇನ್ನಾರು ತಿಂಗಳು ತಿರುಗಬಲ್ಲದು ಎಂಬ ನಂಬಿಕೆಯಿಂದ ಈ ವೆಚ್ಚವನ್ನು ಮುಂದಕ್ಕೆ ತಳ್ಳಲಾಗುತ್ತದೆ. ಆ ವರ್ಷದ ಲಾಭ-ನಷ್ಟ ಖಾತೆಯಲ್ಲಿ ಅಷ್ಟೂ ಹಣ ಲಾಭವಾಗಿ ತೋರುತ್ತದೆ. ವಾಸ್ತವದಲ್ಲಿ ಅದು ಲಾಭವಲ್ಲ. ಆಸ್ತಿಯಿಂದ ಪಡೆದ ಕೈಗಡ. ಅದಕ್ಕೆ ಬಡ್ಡಿಯೂ ಉಂಟು, ವಸೂಲಿಯ ದಿನವೂ ಉಂಟು.

ಈ ಮಾತಿಗೆ ಇಂಗ್ಲೆಂಡಿನ ಉತ್ತರ ಭಾಗದ ಒಂದು ಕಲ್ಲುಸೇತುವೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಯಾರ್ಕ್‌ಷೈರ್ ಪ್ರಾಂತದ ಬೆಟ್ಟಗಳ ನಡುವೆ, ಸೆಟಲ್ ಮತ್ತು ಕಾರ್ಲೈಲ್ ಪಟ್ಟಣಗಳನ್ನು ಕೂಡಿಸುವ ರೈಲು ಮಾರ್ಗದಲ್ಲಿ ನಿಂತಿರುವ ರಿಬಲ್‌ಹೆಡ್ ಸೇತುವೆಯೇ ಅದು. 1870ರಲ್ಲಿ ಆರಂಭಗೊಂಡು 1874ರಲ್ಲಿ ಮುಗಿದ ಈ ನಿರ್ಮಾಣವನ್ನು 1980ರ ದಶಕದಲ್ಲಿ ‘ದುರಸ್ತಿಗೆ ಮೀರಿದ್ದು’ ಎಂಬ ಕಾರಣ ಮುಂದೊಡ್ಡಿ, ಅದರೊಡನೆ ಇಡೀ ಮಾರ್ಗವನ್ನೇ ಮುಚ್ಚಿಬಿಡುವ ಹಂತಕ್ಕೆ ಒಯ್ಯಲಾಗಿತ್ತು. ಇಂದಿಗೂ ಅದರ ಮೇಲೆ ರೈಲುಗಳು ಓಡುತ್ತಿವೆ. ಈ ಎರಡು ಸಂಗತಿಗಳ ನಡುವಿನ ಕಥೆ ಎಂಜಿನಿಯರುಗಳಿಗಿಂತ ಹೆಚ್ಚಾಗಿ ಲೆಕ್ಕ ನೋಡುವವರಿಗೆ ಉಪಯುಕ್ತವಾದುದು.

ಪೈಪೋಟಿಯಿಂದ ಹುಟ್ಟಿದ ಮಾರ್ಗ

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ರೈಲುಗಳನ್ನು ನಡೆಸುತ್ತಿದ್ದುದು ಖಾಸಗಿ ಕಂಪನಿಗಳು. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಗೆ ಸ್ಕಾಟ್ಲೆಂಡಿನ ಸಂಚಾರದಲ್ಲಿ ಪಾಲು ಬೇಕಿತ್ತು. ಆದರೆ ಉತ್ತರಕ್ಕೆ ಹೋಗಲು ಅದು ಪ್ರತಿಸ್ಪರ್ಧಿಯಾದ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯ ಹಳಿಗಳನ್ನು ಅವಲಂಬಿಸಬೇಕಾಗಿತ್ತು. ಆ ಕಂಪನಿ ಸಹಕರಿಸಲಿಲ್ಲ. ಮಿಡ್‌ಲ್ಯಾಂಡ್ ಪ್ರಯಾಣಿಕರ ಬೋಗಿಗಳನ್ನು ನಿಧಾನಗತಿಯ ಸರಕು ಗಾಡಿಗಳಿಗೆ ಜೋಡಿಸಿ ಸತಾಯಿಸಲಾಗುತ್ತಿತ್ತು. ಬೇಸತ್ತ ಮಿಡ್‌ಲ್ಯಾಂಡ್ ಕಂಪನಿ, ಬೆಟ್ಟಗಳನ್ನು ಹಾದುಹೋಗುವ ಸ್ವಂತ ಮಾರ್ಗಕ್ಕೆ 1866ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆಬದ್ಧ ಅನುಮತಿ ಪಡೆಯಿತು.

ಅದೇ 1866ರ ಮೇ ತಿಂಗಳಿನಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ಹಣಕಾಸು ಸಂಸ್ಥೆ ಕುಸಿದು ಹಣದ ಪೇಟೆ ತಲ್ಲಣಿಸಿತ್ತು. ರೈಲ್ವೆ ಷೇರುಗಳಿಗೆ ಬಂಡವಾಳ ಒದಗುವುದು ಕಷ್ಟವಾಯಿತು. ಇತ್ತ ಪ್ರತಿಸ್ಪರ್ಧಿಯೂ ಮೆತ್ತಗಾಗಿ ರಾಜಿಗೆ ಬಂದಿತು. ಹೊಸ ಮಾರ್ಗದ ಅಗತ್ಯವೇ ಇಲ್ಲವೆಂದು ತೋರಿದಾಗ ಮಿಡ್‌ಲ್ಯಾಂಡ್ ಕಂಪನಿ 1869ರಲ್ಲಿ ಯೋಜನೆಯನ್ನು ಕೈಬಿಡಲು ಪಾರ್ಲಿಮೆಂಟಿನ ಒಪ್ಪಿಗೆ ಕೋರಿತು. ಆದರೆ ಈ ಮಾರ್ಗದಿಂದ ಲಾಭ ನಿರೀಕ್ಷಿಸಿದ್ದ ಇತರ ರೈಲ್ವೆ ಕಂಪನಿಗಳು ವಿರೋಧಿಸಿದವು; ಪಾರ್ಲಿಮೆಂಟು ಒಪ್ಪಿಗೆ ನಿರಾಕರಿಸಿತು. ಹೀಗಾಗಿ ತಾನೇ ಬೇಡವೆಂದ ಮಾರ್ಗವನ್ನು ಕಂಪನಿ ಕಟ್ಟಲೇಬೇಕಾಯಿತು.

72 ಮೈಲಿ, ಅಂದರೆ ಸುಮಾರು 116 ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ 14 ಸುರಂಗಗಳು. ಸಣ್ಣವು ದೊಡ್ಡವು ಸೇರಿ ಇಪ್ಪತ್ತರ ಆಸುಪಾಸಿನಲ್ಲಿ ಕಮಾನು ಸೇತುವೆಗಳು. ವೇಗದ ರೈಲುಗಳು ಓಡಬೇಕಾಗಿದ್ದುದರಿಂದ ಏರು 100 ಅಡಿಗೆ 1 ಅಡಿಯನ್ನು ಮೀರಬಾರದೆಂಬ ನಿಯಮವನ್ನು ಇಟ್ಟುಕೊಳ್ಳಲಾಗಿತ್ತು. ಗುಡ್ಡ ಬಂದಲ್ಲಿ ಕೊರೆಯಬೇಕು, ಕಣಿವೆ ಬಂದಲ್ಲಿ ಸೇತುವೆ ಕಟ್ಟಬೇಕು. ಸುತ್ತಿ ಬಳಸಿ ಹೋಗುವಂತಿಲ್ಲ. ಪರಿಣಾಮವಾಗಿ 22 ಲಕ್ಷ ಪೌಂಡ್ ಎಂದು ಅಂದಾಜಿಸಿದ್ದ ಕೆಲಸಕ್ಕೆ ಅದರ ಮೇಲೆ ಅರ್ಧಕ್ಕಿಂತಲೂ ಹೆಚ್ಚು ಹಣ ಬಿದ್ದಿತು. ಅಂದಾಜು ಪಟ್ಟಿ ಮೀರುವುದು ಈ ಕಾಲದ ರೋಗವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಜೌಗುನೆಲದ ಮೇಲೆ ಕಲ್ಲಿನ ಕೆಲಸ

ರಿಬಲ್‌ಹೆಡ್ ಸೇತುವೆ ನಿಂತಿರುವ ಬಯಲಿಗೆ ಬ್ಯಾಟಿ ಮಾಸ್ ಎಂದು ಹೆಸರು. ಮೇಲ್ಗಡೆ ಕೊಳೆತ ಸಸ್ಯಗಳ ಕಪ್ಪು ಜೌಗು, ಅದರಡಿ ಜೇಡಿ, ಅದರಡಿ ಬಂಡೆ. ಮಿಡ್‌ಲ್ಯಾಂಡ್ ಕಂಪನಿಯ ಮುಖ್ಯ ಎಂಜಿನಿಯರ್ ಜಾನ್ ಸಿಡ್ನಿ ಕ್ರಾಸ್ಲಿ ಅವರ ಯೋಜನೆಯಂತೆ, ತಳಪಾಯಕ್ಕಾಗಿ ಈ ಜೌಗನ್ನೂ ಜೇಡಿಯನ್ನೂ ಸುಮಾರು 25 ಅಡಿ ಆಳದವರೆಗೆ ಅಗೆದು, ಬಂಡೆಯ ಮೇಲೆ ಕಾಂಕ್ರೀಟ್ ಹಾಸಿ, ಅದರ ಮೇಲೆ ಕಂಬಗಳನ್ನು ಎಬ್ಬಿಸಲಾಯಿತು. ಈ ಸೇತುವೆ ಉಣ್ಣೆಯ ಮೂಟೆಗಳ ಮೇಲೆ ನಿಂತಿದೆ ಎಂಬ ಜನಪದ ನಂಬಿಕೆ ಆ ಸೀಮೆಯಲ್ಲಿ ಇಂದಿಗೂ ಇದೆ. ಆದರೆ ಅದು ನಿಂತಿರುವುದು ಬಂಡೆಯ ಮೇಲೆಯೇ.

1870ರ ಅಕ್ಟೋಬರ್ 12ರಂದು ಮೊದಲ ಕಲ್ಲನ್ನು ಇಡಲಾಯಿತು. ಕಂಬಗಳಿಗೆ ಸಮೀಪದಲ್ಲೇ ದೊರೆತ ಸುಣ್ಣಕಲ್ಲು. ಕೆಲವು ಕಲ್ಲುಗಳ ತೂಕ ಎಂಟು ಟನ್ನುಗಳವರೆಗೆ. ಹೊರಮೈಗೆ ಕೆತ್ತಿದ ದಿಮ್ಮಿಗಳನ್ನು ಜೋಡಿಸಿ, ಒಳಗನ್ನು ಕಲ್ಲುಚೂರು ಮತ್ತು ಸುಣ್ಣದ ಗಾರೆಯಿಂದ ತುಂಬಲಾಯಿತು. ಕಮಾನುಗಳಿಗೆ ಇಟ್ಟಿಗೆ, ಸುಮಾರು 15 ಲಕ್ಷ ಇಟ್ಟಿಗೆಗಳು ಬೇಕಾದವು. ದೂರದಿಂದ ತರಿಸುವ ಸಾಗಣೆ ವೆಚ್ಚ ಉಳಿಸಲು ಕೆಲಸದ ನೆಲೆಯ ಬಳಿಯಲ್ಲೇ ಇಟ್ಟಿಗೆ ಭಟ್ಟಿಯನ್ನು ಹೂಡಲಾಗಿತ್ತು. ಸೇತುವೆಯ ಉದ್ದ 440 ಗಜ, ಎಂದರೆ 402 ಮೀಟರ್. ಗರಿಷ್ಠ ಎತ್ತರ 104 ಅಡಿ. ಒಟ್ಟು 24 ಕಮಾನುಗಳು, ಒಂದೊಂದರ ಅಗಲ 45 ಅಡಿ.

ಗುತ್ತಿಗೆದಾರನ ಪಾಡನ್ನೂ ಇಲ್ಲಿ ಹೇಳಬೇಕು. ಈ ಸೇತುವೆಯನ್ನೂ ಅದರ ಮುಂದಿನ ಬ್ಲೀ ಮೂರ್ ಸುರಂಗವನ್ನೂ ಒಳಗೊಂಡ ಭಾಗದ ಗುತ್ತಿಗೆಯನ್ನು ಜಾನ್ ಆಶ್‌ವೆಲ್ ಹಿಡಿದಿದ್ದರು. ಮಳೆ, ಕೆಸರು, ಹಿಮ ಇವುಗಳ ನಡುವೆ ಕೆಲಸ ನಿಧಾನವಾಯಿತು. ನೆಲೆ ನಿಲ್ಲದ ಕೂಲಿಯಾಳುಗಳನ್ನು ಹಿಡಿದಿಡುವುದು ದುಬಾರಿಯಾಯಿತು. ಒಪ್ಪಿದ ದರ ಮತ್ತು ತಗಲುವ ವೆಚ್ಚಗಳ ನಡುವೆ ಸಿಲುಕಿದ ಆಶ್‌ವೆಲ್ 1871ರಲ್ಲಿಯೇ ಗುತ್ತಿಗೆಯಿಂದ ಬಿಡುಗಡೆ ಹೊಂದಬೇಕಾಯಿತು; ಕಂಪನಿಯೇ ಕೆಲಸವನ್ನು ಕೈಗೆ ತೆಗೆದುಕೊಂಡಿತು. ನೆಲದ ಗುಣವನ್ನು ಅರಿಯದೆ ದರ ಕೂಗುವ ಗುತ್ತಿಗೆದಾರನಿಗೂ, ಅತಿ ಕಡಿಮೆ ದರವನ್ನು ಕಂಡು ಸಂತೋಷಪಡುವ ಯಜಮಾನನಿಗೂ ಇದು ಸಮಾನವಾದ ಎಚ್ಚರಿಕೆ: ನಷ್ಟದ ದರದಲ್ಲಿ ಹಿಡಿದ ಕೆಲಸ ಕೊನೆಗೆ ಕೊಟ್ಟವನ ತಲೆಗೇ ಬರುತ್ತದೆ.

ಆರಕ್ಕೊಂದು ದಪ್ಪ ಕಂಬ

ಈ ಸೇತುವೆಯ ವಿನ್ಯಾಸದಲ್ಲಿ ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಕಮಾನು ತನ್ನ ಭಾರವನ್ನು ನೇರವಾಗಿ ಕೆಳಕ್ಕೆ ಮಾತ್ರ ಇಳಿಸುವುದಿಲ್ಲ. ಎರಡೂ ಪಕ್ಕಗಳಿಗೆ ಒತ್ತುತ್ತದೆ. ಸಾಲಾಗಿ ನಿಂತ ಕಮಾನುಗಳಲ್ಲಿ ಒಂದರ ಒತ್ತನ್ನು ಪಕ್ಕದ್ದು ಸರಿದೂಗಿಸುವುದರಿಂದ ನಡುವಿನ ಕಂಬ ತೆಳುವಾಗಿದ್ದರೂ ನಡೆಯುತ್ತದೆ. ಆದರೆ ಒಂದು ಕಮಾನು ಬಿದ್ದರೆ ಪಕ್ಕದ ಕಂಬದ ಮೇಲೆ ಒಂದೇ ಕಡೆಯ ಒತ್ತು ಉಳಿಯುತ್ತದೆ. ಅದನ್ನು ತಾಳದೆ ಆ ಕಂಬ ವಾಲಿದರೆ ಮುಂದಿನ ಕಮಾನು, ಅದರ ಮುಂದಿನದು ಹೀಗೆ ಇಡೀ ಸಾಲು ಉರುಳಬಹುದು.

ಇದನ್ನು ತಡೆಯಲು ರಿಬಲ್‌ಹೆಡ್‌ನಲ್ಲಿ ಪ್ರತಿ ಆರನೆಯ ಕಂಬವನ್ನು ಉಳಿದವುಗಳಿಗಿಂತ ಬಹಳ ದಪ್ಪವಾಗಿ ಕಟ್ಟಲಾಗಿದೆ. ಒಂದು ಕಡೆಯ ಒತ್ತನ್ನು ಆ ಕಂಬ ತಾನೊಂದೇ ತಾಳಬಲ್ಲದು. ಅನಾಹುತ ಸಂಭವಿಸಿದರೆ ಆರು ಕಮಾನುಗಳು ಹೋಗಬಹುದು, 24 ಹೋಗುವುದಿಲ್ಲ. ಎಲ್ಲ ಕಂಬಗಳನ್ನೂ ದಪ್ಪವಾಗಿ ಕಟ್ಟಿದ್ದರೆ ಕಲ್ಲಿನ ಖರ್ಚು ಹೊರಲಾರದಷ್ಟಾಗುತ್ತಿತ್ತು. ಯಾವುದನ್ನೂ ದಪ್ಪವಾಗಿ ಕಟ್ಟದಿದ್ದರೆ ಒಂದು ದೋಷ ಇಡೀ ಸೇತುವೆಯನ್ನು ನುಂಗುತ್ತಿತ್ತು. ನಷ್ಟವನ್ನು ಪೂರ್ಣವಾಗಿ ತಪ್ಪಿಸುವುದಲ್ಲ, ಅದಕ್ಕೆ ಎಲ್ಲೆ ಕಟ್ಟುವುದು ಇಲ್ಲಿನ ವಿವೇಕ. ಒಬ್ಬನೇ ದೊಡ್ಡ ಗಿರಾಕಿಗೆ ಸಾಲದ ಮೇಲೆ ಸರಕು ನೀಡುತ್ತ ಹೋಗಿ, ಆತ ಕೈಯೆತ್ತಿದಾಗ ತಾವೂ ಬಾಗಿಲು ಮುಚ್ಚಿದ ಅಂಗಡಿಗಳ ಉದಾಹರಣೆ ಪ್ರತಿ ಪೇಟೆಯಲ್ಲಿಯೂ ದೊರೆಯುತ್ತದೆ. ಅಂಥವರ ವ್ಯವಹಾರದಲ್ಲಿ ಇಲ್ಲದಿದ್ದುದು ಈ ದಪ್ಪ ಕಂಬವೇ.

ಲೆಕ್ಕದಲ್ಲಿ ಬಾರದ ಬೆಲೆ

ಇಡೀ ಮಾರ್ಗದಲ್ಲಿ ಕೆಲಸ ಬಿರುಸಾಗಿದ್ದಾಗ ಸುಮಾರು 6,000 ಆಳುಗಳು ದುಡಿಯುತ್ತಿದ್ದರು. ಬ್ಯಾಟಿ ಮಾಸ್ ಬಯಲಿನಲ್ಲಿ ಅವರೂ ಅವರ ಹೆಂಡಿರು ಮಕ್ಕಳೂ ಮರದ ಗುಡಿಸಲುಗಳಲ್ಲಿ ವಾಸಿಸಿದರು. ಒಂದು ಗುಡಿಸಲು ಕೇರಿಗೆ ಕ್ರಿಮಿಯಾ ಯುದ್ಧದ ನೆನಪಿನ ಸೆಬಾಸ್ಟಪೋಲ್ ಎಂದೂ, ಇನ್ನೊಂದಕ್ಕೆ ಲಂಡನ್ನಿನ ಸಿರಿವಂತರ ಬಡಾವಣೆಯಾದ ಬೆಲ್‌ಗ್ರೇವಿಯಾ ಎಂದೂ ಹೆಸರಿಟ್ಟುಕೊಂಡಿದ್ದರು. ಅಪಘಾತಗಳೂ 1871ರಲ್ಲಿ ಹಬ್ಬಿದ ಸಿಡುಬೂ ಅನೇಕರನ್ನು ಬಲಿ ತೆಗೆದುಕೊಂಡವು. ಸಮೀಪದ ಚಾಪೆಲ್-ಲೆ-ಡೇಲ್ ಹಳ್ಳಿಯ ಚರ್ಚಿನ ಸ್ಮಶಾನ ಸಾಲದೆ ಅದನ್ನು ವಿಸ್ತರಿಸಬೇಕಾಯಿತು. ಮಡಿದ ಕಾರ್ಮಿಕರ ಸ್ಮಾರಕ ಫಲಕವೊಂದು ಆ ಚರ್ಚಿನಲ್ಲಿದೆ. ಸೇತುವೆಯ ಬೆಲೆಯನ್ನು ಪೌಂಡುಗಳಲ್ಲಿ ಹೇಳುವಾಗ ಈ ಬಾಬ್ತನ್ನು ಬಿಟ್ಟರೆ ಲೆಕ್ಕ ಅಪೂರ್ಣ.

1875ರ ಆಗಸ್ಟ್‌ನಲ್ಲಿ ಮಾರ್ಗ ಸರಕು ಸಾಗಣೆಗೂ, 1876ರ ಮೇ 1ರಂದು ಪ್ರಯಾಣಿಕರಿಗೂ ತೆರೆಯಿತು.

ನೀರು ಮತ್ತು ಮುಂದೂಡಿಕೆ

ಸೇತುವೆಗೆ ಶತ್ರುವಾದುದು ರೈಲಿನ ಭಾರವಲ್ಲ, ನೀರು. ಕಮಾನುಗಳ ಮೇಲೆ, ಹಳಿಯ ಜಲ್ಲಿಯ ಕೆಳಗೆ ನೀರು ಇಳಿಯದಂತೆ ತಡೆಯುವ ಪದರವೊಂದು ಇರುತ್ತದೆ. ಅದು ಹಳತಾಗಿ ಬಿರುಕುಬಿಟ್ಟಾಗ ಮಳೆನೀರು ಇಟ್ಟಿಗೆಯ ಸಂದುಗಳಿಗೂ ಕಂಬದ ಒಳತುಂಬಿಗೂ ಇಳಿಯುತ್ತದೆ. ಗಾರೆಯ ಸುಣ್ಣ ಕರಗಿ ಹರಿಯುತ್ತದೆ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ರಿಬಲ್‌ಹೆಡ್ ಇಂಗ್ಲೆಂಡಿನ ಅತಿ ಹೆಚ್ಚು ಮಳೆ-ಗಾಳಿ ಕಾಣುವ ಎಡೆಗಳಲ್ಲೊಂದು. ಇಲ್ಲಿ ಮೇಲಿನ ಪದರವನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದೇ ಸೇತುವೆಯನ್ನು ಉಳಿಸಿಕೊಳ್ಳುವ ಅಗ್ಗದ ಉಪಾಯ.

ಆದರೆ ಮಾರ್ಗದ ಭವಿಷ್ಯವೇ ಅನಿಶ್ಚಿತವಾಗಿದ್ದಾಗ ಅದಕ್ಕೆ ಹಣ ಹಾಕುವವರು ಯಾರು? ರೈಲ್ವೆಗಳು ಆಗಲೇ ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ ಆಗಿದ್ದವು. 1963ರ ಬೀಚಿಂಗ್ ವರದಿ ಈ ಮಾರ್ಗದ ಪ್ರಯಾಣಿಕ ಸೇವೆಯನ್ನು ನಿಲ್ಲಿಸಲು ಶಿಫಾರಸು ಮಾಡಿತ್ತು. 1970ರಲ್ಲಿ ಸೆಟಲ್ ಮತ್ತು ಆಪಲ್ಬಿ ಬಿಟ್ಟು ನಡುವಿನ ಸಣ್ಣ ನಿಲ್ದಾಣಗಳೆಲ್ಲ ಮುಚ್ಚಿದವು. 1982ರಲ್ಲಿ ದೂರದ ರೈಲುಗಳನ್ನು ಬೇರೆ ಮಾರ್ಗಕ್ಕೆ ತಿರುಗಿಸಿದ ಮೇಲೆ ದಿನಕ್ಕೆ ಬೆರಳೆಣಿಕೆಯ ರೈಲುಗಳು ಮಾತ್ರ ಉಳಿದವು. ನಿಲ್ದಾಣ ಮುಚ್ಚಿದರೆ ಪ್ರಯಾಣಿಕರು ಕಡಿಮೆಯಾಗುತ್ತಾರೆ. ಪ್ರಯಾಣಿಕರು ಕಡಿಮೆಯಾದರೆ ಆದಾಯ ಇಳಿಯುತ್ತದೆ. ಆದಾಯ ಇಳಿದ ಮಾರ್ಗಕ್ಕೆ ದುರಸ್ತಿ ಏಕೆ ಎಂಬ ಪ್ರಶ್ನೆ ಏಳುತ್ತದೆ. ತಾನೇ ನೀರು ಹಾಕದೆ ಒಣಗಿಸಿದ ಗಿಡವನ್ನು ತೋರಿಸಿ, ಇದು ಫಲ ಕೊಡದ ಜಾತಿ ಎಂದು ಹೇಳಿದಂತಾಯಿತು.

1980ರ ದಶಕದ ಆರಂಭದಲ್ಲಿ ರಿಬಲ್‌ಹೆಡ್ ಸೇತುವೆಯ ಸ್ಥಿತಿ ಬಹಿರಂಗವಾಗಿ ಚರ್ಚೆಗೆ ಬಂತು. ಬದಲಿ ವ್ಯವಸ್ಥೆಗೋ ಪೂರ್ಣ ದುರಸ್ತಿಗೋ 60 ಲಕ್ಷ ಪೌಂಡಿನವರೆಗಿನ ಅಂದಾಜುಗಳು ಕೇಳಿಬಂದವು. ಅಷ್ಟು ಹಣವನ್ನು ಈ ಮಾರ್ಗದ ಆದಾಯ ಎಂದಿಗೂ ತುಂಬಿಕೊಡದು ಎಂಬುದು ಸುಲಭದ ತೀರ್ಮಾನ. 1983ರ ಕೊನೆಯಲ್ಲಿ ಮಾರ್ಗ ಮುಚ್ಚುವ ವಿಧ್ಯುಕ್ತ ಪ್ರಕಟಣೆ ಹೊರಬಿತ್ತು. 1985ರಲ್ಲಿ ಭಾರ ತಗ್ಗಿಸಲು ಸೇತುವೆಯ ಮೇಲಿನ ಜೋಡಿ ಹಳಿಯನ್ನು ಒಂಟಿ ಹಳಿಯಾಗಿ ಮಾಡಲಾಯಿತು.

ಒಂದು ಕಮಾನಿನ ಪರೀಕ್ಷೆ

ಮುಂದಿನ ಘಟನೆಗಳು ಎರಡು ದಿಕ್ಕುಗಳಿಂದ ನಡೆದವು. ಮೊದಲನೆಯದು ಆದಾಯದ ದಿಕ್ಕು. ಮಾರ್ಗ ಮುಚ್ಚುವ ಕೆಲಸವನ್ನು ನಿಭಾಯಿಸಲು ಬ್ರಿಟಿಷ್ ರೈಲ್ 1983ರಲ್ಲಿ ರಾನ್ ಕಾಟನ್ ಎಂಬ ಅಧಿಕಾರಿಯನ್ನು ನೇಮಿಸಿತು. ಮುಚ್ಚುವ ದಿನದವರೆಗೆ ಮಾರ್ಗವನ್ನು ನಡೆಸಲೇಬೇಕಾದಾಗ ಅದರಿಂದ ಸಿಗುವಷ್ಟು ಆದಾಯ ಏಕೆ ಪಡೆಯಬಾರದು ಎಂಬುದು ಅವರ ನಿಲುವಾಯಿತು. ರಿಯಾಯಿತಿ ದರ, ಪ್ರಚಾರ, ಹೆಚ್ಚಿನ ರೈಲುಗಳು ಬಂದವು. 1986ರಲ್ಲಿ ಮುಚ್ಚಿದ್ದ ಎಂಟು ನಿಲ್ದಾಣಗಳು ಮತ್ತೆ ತೆರೆದವು. 1983ರಲ್ಲಿ ವರ್ಷಕ್ಕೆ 93,000 ಇದ್ದ ಪ್ರಯಾಣಗಳು 1989ರ ಹೊತ್ತಿಗೆ 4,50,000ಕ್ಕೆ ಏರಿದವು. ಹಳಿ ಅದೇ, ಸೇತುವೆ ಅದೇ, ಬೆಟ್ಟ ಅದೇ. ಬದಲಾದುದು ಮಾರುವವನ ಮನಸ್ಸು.

ಸಾರ್ವಜನಿಕರೂ ಸುಮ್ಮನಿರಲಿಲ್ಲ. ಮುಚ್ಚುವ ಪ್ರಸ್ತಾವಕ್ಕೆ 22,265 ಆಕ್ಷೇಪಣೆಗಳು ಸಲ್ಲಿಕೆಯಾದವು. ರಸ್‌ವಾರ್ಪ್ ಎಂಬ ನಾಯಿಯೊಂದು ಟಿಕೆಟ್ ಪಡೆದು ಪ್ರಯಾಣಿಸುತ್ತಿದ್ದುದರಿಂದ ಅದರ ಪಂಜದ ಗುರುತೂ ಆ ಆಕ್ಷೇಪಣೆಗಳೊಳಗೆ ಸೇರಿತ್ತು. ಆದರೂ 1988ರ ಮೇ ತಿಂಗಳಿನಲ್ಲಿ ಸರ್ಕಾರ ಮುಚ್ಚುವತ್ತಲೇ ತನ್ನ ಒಲವು ಎಂದು ಹೇಳಿ, ಖಾಸಗಿಯವರು ಯಾರಾದರೂ ಕೊಳ್ಳುವರೇ ಎಂದು ನೋಡಲು ಅವಕಾಶವಿತ್ತಿತು. ಆಕ್ಷೇಪಣೆಗಳ ರಾಶಿ ಒಂದರಿಂದಲೇ ಲೆಕ್ಕ ಬದಲಾಗುವಂತಿರಲಿಲ್ಲ.

ಎರಡನೆಯದು ವೆಚ್ಚದ ದಿಕ್ಕು, ಇದೇ ನಿರ್ಣಾಯಕವಾದುದು. ಕಾಗದದ ಮೇಲೆ ಅಂದಾಜುಗಳು ಏರುತ್ತ ಹೋಗಿದ್ದವೇ ಹೊರತು, ನಿಜವಾದ ಕೆಲಸಕ್ಕೆ ಎಷ್ಟು ತಗಲುವುದೆಂದು ಮಾಡಿ ನೋಡಿರಲಿಲ್ಲ. 1988ರಲ್ಲಿ ಕೊನೆಗೂ ಪ್ರಾಯೋಗಿಕ ದುರಸ್ತಿ ಕೈಗೊಂಡಾಗ, ಪೂರ್ಣ ದುರಸ್ತಿಯ ವೆಚ್ಚ ಹಿಂದೆ ಹೆದರಿಸಿದ್ದ ಮೊತ್ತಕ್ಕಿಂತ ಬಹಳ ಕಡಿಮೆಯಾಗುವುದೆಂದು ತಿಳಿಯಿತು. ಅದೇ ವರ್ಷ ಸೇತುವೆ ರಾಷ್ಟ್ರೀಯ ಮಹತ್ವದ ಸಂರಕ್ಷಿತ ಕಟ್ಟಡಗಳ ಪಟ್ಟಿಗೂ ಸೇರಿತು. 1989ರ ಏಪ್ರಿಲ್ 11ರಂದು ಮುಚ್ಚುವ ಪ್ರಸ್ತಾವವನ್ನು ಸರ್ಕಾರ ತಿರಸ್ಕರಿಸಿತು. ಸಾರಿಗೆ ಇಲಾಖೆಯ ರಾಜ್ಯ ಸಚಿವರಾಗಿದ್ದ ಮೈಕೆಲ್ ಪೋರ್ಟಿಲೊ ಈ ನಿರ್ಣಯದಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ಏರಿದ ಆದಾಯ, ಇಳಿದ ಅಂದಾಜು ಎರಡೂ ಕೂಡಿ ತಕ್ಕಡಿಯನ್ನು ಇನ್ನೊಂದು ಕಡೆಗೆ ವಾಲಿಸಿದ್ದವು. ಬಳಿಕ ಹೊಸ ನೀರುತಡೆ ಪದರ ಹಾಸಿ ಕಮಾನು ಕಂಬಗಳನ್ನು ಸರಿಪಡಿಸಲಾಯಿತು. 2020ರಿಂದ 2021ರವರೆಗೆ ನೆಟ್‌ವರ್ಕ್ ರೈಲ್ ಸಂಸ್ಥೆ ಸುಮಾರು 21 ಲಕ್ಷ ಪೌಂಡ್ ವೆಚ್ಚದಲ್ಲಿ ಗಾರೆ, ಕಲ್ಲು, ನೀರಿನ ಕೊಳವೆಗಳ ದುರಸ್ತಿ ನಡೆಸಿತು. ಆಗ ಯಾರೂ ಸೇತುವೆಯನ್ನು ಕೆಡಹುವ ಮಾತನ್ನು ಆಡಲಿಲ್ಲ. ಹೊತ್ತಿಗೆ ಸರಿಯಾಗಿ ಮಾಡುವ ದುರಸ್ತಿ ಹೀಗೆ ಸದ್ದಿಲ್ಲದೆ ನಡೆಯುತ್ತದೆ.

ಭಾರತದ ಲೆಕ್ಕಪುಸ್ತಕಗಳಲ್ಲಿ

ಈ ಕಥೆಯಿಂದ ಇಲ್ಲಿನ ಕೈಗಾರಿಕೋದ್ಯಮಿ ತಿಳಿಯಬೇಕಾದುದೇನು? ಮೊದಲನೆಯದಾಗಿ, ಬಾಕಿ ಉಳಿದ ದುರಸ್ತಿಯನ್ನು ಆಸ್ತಿ-ಹೊಣೆ ಪಟ್ಟಿ ತೋರಿಸುವುದಿಲ್ಲ. ಭಾರತದ ಲೆಕ್ಕ ಮಾನಕ 29 ಈ ಬಗ್ಗೆ ಕುಲುಮೆಯ ಉದಾಹರಣೆಯನ್ನೇ ಕೊಡುತ್ತದೆ: ಐದು ವರ್ಷಕ್ಕೊಮ್ಮೆ ಒಳಪದರ ಬದಲಿಸಬೇಕಾದ ಕುಲುಮೆ ಇದ್ದರೂ, ಮುಂದೆ ಆಗಲಿರುವ ಆ ವೆಚ್ಚಕ್ಕೆ ಇಂದೇ ಹೊಣೆಯೆಂದು ಅವಕಾಶ ಕಲ್ಪಿಸುವಂತಿಲ್ಲ, ಏಕೆಂದರೆ ಅದು ಇನ್ನೂ ಯಾರಿಗೂ ಕೊಡಬೇಕಾದ ಬಾಕಿಯಲ್ಲ. ನಿಯಮ ತರ್ಕಬದ್ಧವೇ ಸರಿ. ಆದರೆ ಅದರ ಫಲವಾಗಿ, ಎರಡು ವರ್ಷ ಚಾವಣಿ ದುರಸ್ತಿ ಮಾಡಿದ ಕಾರ್ಖಾನೆಗಿಂತ ಮಾಡದೆ ಬಿಟ್ಟ ಕಾರ್ಖಾನೆಯೇ ಹೆಚ್ಚು ಲಾಭದಾಯಕವೆಂದು ಲೆಕ್ಕ ತೋರಿಸುತ್ತದೆ. ಲೆಕ್ಕ ಪರಿಶೋಧಕನ ಸಹಿ ಬಿದ್ದ ಮಾತ್ರಕ್ಕೆ ಚಾವಣಿ ಸೋರುವುದು ನಿಲ್ಲುವುದಿಲ್ಲ.

ಎರಡನೆಯದಾಗಿ, ಸವಕಳಿಯನ್ನು ಕಳೆದರೆ ದುರಸ್ತಿಯ ಕರ್ತವ್ಯ ಮುಗಿಯಿತೆಂಬ ಭ್ರಮೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಸೇತುವೆಗಳಿಗೂ ಕಾರ್ಖಾನೆ ಕಟ್ಟಡಗಳಿಗೂ 30 ವರ್ಷಗಳ ಉಪಯುಕ್ತ ಆಯುಷ್ಯವನ್ನು ಹೇಳುತ್ತದೆ. ಆ ಅಂಕಿ ಲೆಕ್ಕದ ಅನುಕೂಲಕ್ಕಾಗಿ ಇರುವಂಥದು. ನೋಡಿಕೊಂಡರೆ ನೂರೈವತ್ತು ವರ್ಷ ನಿಲ್ಲುವ ಕಟ್ಟಡವೂ ಉಂಟು, ನೋಡಿಕೊಳ್ಳದಿದ್ದರೆ ಹದಿನೈದೇ ವರ್ಷಕ್ಕೆ ಕುಸಿಯುವುದೂ ಉಂಟು. ಅದೇ ಅನುಸೂಚಿ, ಒಂದು ಆಸ್ತಿಯ ಯಾವುದಾದರೂ ಭಾಗದ ಬೆಲೆ ಗಣನೀಯವಾಗಿದ್ದು ಅದರ ಆಯುಷ್ಯ ಬೇರೆಯಾಗಿದ್ದರೆ ಆ ಭಾಗಕ್ಕೆ ಪ್ರತ್ಯೇಕ ಆಯುಷ್ಯ ನಿಗದಿಪಡಿಸಬೇಕೆಂದೂ ಹೇಳುತ್ತದೆ. ಕಂಬದ ಆಯುಷ್ಯ ಬೇರೆ, ನೀರುತಡೆ ಪದರದ ಆಯುಷ್ಯ ಬೇರೆ ಎಂಬ ರಿಬಲ್‌ಹೆಡ್ ಅನುಭವದ ಸಾರವೂ ಇದೇ.

ಮೂರನೆಯದು ತೆರಿಗೆಯ ಪ್ರಶ್ನೆ; ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಯಾ ವರ್ಷದ ಚಾಲ್ತಿ ದುರಸ್ತಿಯ ವೆಚ್ಚವನ್ನು ಆದಾಯದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ಆದರೆ ಬಂಡವಾಳ ಸ್ವರೂಪದ ವೆಚ್ಚಕ್ಕೆ ಆ ಸೌಲಭ್ಯವಿಲ್ಲ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಚಲನಚಿತ್ರ ಮಂದಿರವೊಂದನ್ನು ವ್ಯಾಪಕವಾಗಿ ನವೀಕರಿಸಿದ ವೆಚ್ಚವನ್ನು ಸರ್ವೋಚ್ಚ ನ್ಯಾಯಾಲಯ ಚಾಲ್ತಿ ದುರಸ್ತಿಯೆಂದು ಒಪ್ಪಲಿಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಹಳೆಯ ಯಂತ್ರವನ್ನು ತೆಗೆದು ಇಡಿಯಾಗಿ ಹೊಸದನ್ನು ಹೂಡುವುದು ಚಾಲ್ತಿ ದುರಸ್ತಿಯಾಗದು ಎಂದಿತು. ಇರುವ ಆಸ್ತಿಯನ್ನು ಕಾಪಾಡುವುದು ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವುದು ಬಂಡವಾಳ ವೆಚ್ಚ. ಆದುದರಿಂದ ವರ್ಷವರ್ಷವೂ ಸಣ್ಣ ಮೊತ್ತದಲ್ಲಿ ಮಾಡಿದ್ದರೆ ಆಯಾ ವರ್ಷವೇ ಕಳೆಯಬಹುದಾಗಿದ್ದ ಖರ್ಚು, ಹತ್ತು ವರ್ಷ ಕೂಡಿಟ್ಟು ಯಂತ್ರವನ್ನೇ ಬದಲಿಸುವ ಹಂತಕ್ಕೆ ತಂದಾಗ ಸವಕಳಿಯ ಮೂಲಕ ಮಾತ್ರ ನಿಧಾನವಾಗಿ ಹಿಂತಿರುಗುತ್ತದೆ. ಮುಂದೂಡಿದ ದುರಸ್ತಿಗೆ ತೆರಿಗೆಯ ದಂಡವೂ ಸೇರಿದಂತಾಗುತ್ತದೆ.

ಮಾಡಬೇಕಾದುದು

ಇದಕ್ಕೆ ದೊಡ್ಡ ವ್ಯವಸ್ಥೆಯೇನೂ ಬೇಕಿಲ್ಲ. ಸ್ಥಿರಾಸ್ತಿಗಳ ವಹಿಯ ಪಕ್ಕದಲ್ಲಿ ದುರಸ್ತಿಯ ವಹಿಯೊಂದನ್ನು ಇಟ್ಟರೆ ಸಾಕು. ಪ್ರತಿ ಯಂತ್ರ, ಚಾವಣಿ, ವಿದ್ಯುತ್ ಜಾಲಕ್ಕೆ ಒಂದೊಂದು ಪುಟ. ಕೊನೆಯ ದುರಸ್ತಿ ಯಾವಾಗ, ಮುಂದಿನದು ಯಾವಾಗ, ಈ ವರ್ಷ ಮಾಡದೆ ಬಿಟ್ಟಿದ್ದೆಷ್ಟು ಎಂಬ ಮೂರು ಅಂಕಣಗಳು. ವರ್ಷಾಂತ್ಯದಲ್ಲಿ ಮೂರನೆಯ ಅಂಕಣದ ಮೊತ್ತವನ್ನು ಲಾಭದಿಂದ ಮನಸ್ಸಿನಲ್ಲಾದರೂ ಕಳೆದು ನೋಡಬೇಕು. ಪಾಲುದಾರರು ಲಾಭ ಹಂಚಿಕೊಳ್ಳುವ ಮೊದಲು ಅಷ್ಟು ಹಣವನ್ನು ಬೇರೆ ಠೇವಣಿಯಾಗಿ ಇಡುವುದು ಇನ್ನೂ ಉತ್ತಮ. ಲೆಕ್ಕ ಮಾನಕ ಹೊಣೆ ತೋರಿಸುವುದನ್ನು ತಡೆಯಬಹುದು; ಹಣ ಕೂಡಿಡುವುದನ್ನು ತಡೆಯುವುದಿಲ್ಲ.

ದೊಡ್ಡ ದುರಸ್ತಿಯ ಅಂದಾಜು ಬಂದಾಗ, ಅದನ್ನು ಕೊಟ್ಟವರು ಯಾರು, ಹೊಸ ಯಂತ್ರ ಮಾರುವುದರಲ್ಲಿ ಅವರಿಗೆ ಹಿತಾಸಕ್ತಿ ಇದೆಯೇ ಎಂಬುದನ್ನು ವಿಚಾರಿಸಬೇಕು. ಸಾಧ್ಯವಾದರೆ 24 ಕಮಾನುಗಳ ದರವನ್ನು ನಂಬುವ ಮೊದಲು ಒಂದು ಕಮಾನನ್ನು ಸರಿಪಡಿಸಿ ನೋಡಬೇಕು: ಹತ್ತು ಮಗ್ಗಗಳಲ್ಲಿ ಒಂದನ್ನು ಬಿಚ್ಚಿಸಬೇಕು, ಚಾವಣಿಯ ಒಂದು ಭಾಗವನ್ನು ಹೊದಿಸಬೇಕು, ಬಿದ್ದ ಖರ್ಚನ್ನು ಬರೆದಿಡಬೇಕು. ಹಾಗೆಯೇ ಒಂದು ವಿಭಾಗವನ್ನು ನಷ್ಟದ್ದೆಂದು ಮುಚ್ಚುವ ಮೊದಲು, ಆ ನಷ್ಟ ಪೇಟೆ ತಂದದ್ದೋ ಅಥವಾ ಸರಕು, ಆಳು, ಗಮನ ಮೂರನ್ನೂ ಹಿಂತೆಗೆದುಕೊಂಡು ಮಾಲೀಕನೇ ತಂದದ್ದೋ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಹಳೆಯದೆಲ್ಲವನ್ನೂ ಉಳಿಸಬೇಕೆಂದು ಇದರ ಅರ್ಥವಲ್ಲ. ವಿದ್ಯುತ್ತನ್ನು ನುಂಗುವ ಮೋಟಾರು, ಬಿಡಿಭಾಗ ದೊರೆಯದ ಯಂತ್ರ, ಗಿರಾಕಿ ಕೇಳದ ಸರಕು ಇವುಗಳನ್ನು ಬಿಡುವುದೇ ಜಾಣತನ. ಹಿಂದೆ ಎಷ್ಟು ಹಣ ಸುರಿದಿದೆ ಎಂಬುದು ಉಳಿಸಿಕೊಳ್ಳಲು ಕಾರಣವಾಗದು. ಮುಂದೆ ಬೀಳುವ ಖರ್ಚು ಮತ್ತು ಮುಂದೆ ಬರುವ ಆದಾಯ ಇವೆರಡೇ ನಿರ್ಣಯದ ಆಧಾರ. ಸೆಟಲ್-ಕಾರ್ಲೈಲ್ ಮಾರ್ಗವನ್ನು ಕಟ್ಟಿದ್ದೇ ವಿವೇಕವಾಗಿತ್ತೇ ಎಂದು 1869ರ ಮಿಡ್‌ಲ್ಯಾಂಡ್ ನಿರ್ದೇಶಕರು ಸಂದೇಹಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಪ್ರಶ್ನೆಗೂ 1989ರ ಪ್ರಶ್ನೆಗೂ ಸಂಬಂಧವಿಲ್ಲ. ಕಟ್ಟಿ ನಿಂತ ಸೇತುವೆಯನ್ನು ಉಳಿಸಲು ಬೇಕಾದುದೆಷ್ಟು, ಉಳಿದರೆ ದೊರೆಯುವುದೆಷ್ಟು ಎಂಬುದಷ್ಟೇ ಅಂದು ಕೇಳಬೇಕಾಗಿದ್ದ ಪ್ರಶ್ನೆ. ಪ್ರಾಯೋಗಿಕ ದುರಸ್ತಿ ಅದಕ್ಕೆ ನಂಬಬಹುದಾದ ಉತ್ತರ ಕೊಡುವ ಹೊತ್ತಿಗೆ ಐದು ವರ್ಷಗಳು ಕಳೆದಿದ್ದವು. ಒಂದು ಸೀಮೆಯ ಹೋಟೆಲು, ಅಂಗಡಿ, ಕೃಷಿಕರು ಅಷ್ಟು ಕಾಲವೂ ಅನಿಶ್ಚಯದಲ್ಲಿ ಕಳೆಯಬೇಕಾಯಿತು.

ಸಣ್ಣ ಉದ್ಯಮಕ್ಕೆ ಹಾಗೆ ಐದು ವರ್ಷ ಕಾಯುವ ಶಕ್ತಿ ಇರುವುದಿಲ್ಲ. ಅದರ ಪರವಾಗಿ ಆಕ್ಷೇಪಣೆ ಬರೆಯಲು ಇಪ್ಪತ್ತೆರಡು ಸಾವಿರ ಜನರೂ ಮುಂದೆ ಬರುವುದಿಲ್ಲ. ಮಾಲೀಕನೇ ಅದರ ಎಂಜಿನಿಯರ್, ಅವನೇ ಅದರ ಕಾವಲುಗಾರ. ಆದುದರಿಂದ ಈ ಬಾರಿ ಮಾರ್ಚ್ ಅಂತ್ಯಕ್ಕೆ ‘ದುರಸ್ತಿ ಮತ್ತು ನಿರ್ವಹಣೆ’ ಬಾಬ್ತಿನ ಮೊತ್ತ ಹಿಂದಿನ ವರ್ಷಕ್ಕಿಂತ ಇಳಿದಿರುವುದನ್ನು ಕಂಡು ಸಂತೋಷಪಡುವ ಮೊದಲು, ಉದ್ಯಮಿಗಳು ಒಮ್ಮೆ ಏಣಿ ಹಾಕಿಸಿ ಚಾವಣಿಯನ್ನು ನೋಡುವುದು ಕ್ಷೇಮ.